ಸಿಂಹವೂ ನೋಡಬೇಕು, ರೋಲರ್ ಕೋಸ್ಟರೂ ಹತ್ತಬೇಕು: ಟ್ಯಾಂಪಾದ ಬುಶ್ ಗಾರ್ಡನ್ಸಿಗೆ ಒಂದೇ ದಿನ ಸಾಕಾ?

ಪಯಸ್ವಿನಿ_ದಡ, ಮುಳ್ಳೇರಿಯ:
ಓಣಂ ರಜೆಗೆ ಫ್ಲೋರಿಡಾದ ಟ್ಯಾಂಪಾಕ್ಕೆ ಟಿಕೆಟ್ ಆಗಿದೆ. ಬುಶ್ ಗಾರ್ಡನ್ಸ್ ಪಾರ್ಕಿಗೆ ಅಂತ ಸಿಗುವುದು ಒಂದೇ ದಿನ. ಆರು ಜನ. ಅಪ್ಪನಿಗೆ 68, ಬಿಪಿ ಮಾತ್ರೆ ಉಂಟು. ಅಮ್ಮನಿಗೆ ಮೊಣಗಂಟು ನೋವು. ಮಗನಿಗೆ 11, ಅವನಿಗೆ ದೊಡ್ಡ ಕೋಸ್ಟರ್ ಎಲ್ಲ ಆಗಬೇಕು. ಮಗಳಿಗೆ 6, ಎತ್ತರ ಮೂರೂವರೆ ಅಡಿ ಹತ್ತಿರ, ಅವಳಿಗೆ ಜಿರಾಫೆ ಮತ್ತು ಚಿರತೆ ಬೇಕು. ಬೆಳಿಗ್ಗೆ ಮೊದಲು ಎಂತ ಮಾಡುವುದು, ಪ್ರಾಣಿಯಾ ರೈಡಾ? ಇದರಲ್ಲೇ ಮನೆಯಲ್ಲಿ ಚರ್ಚೆ ನಿಂತಿದೆ.

ಅಡಿಕೆ_ಸೋಗೆ, ಬದಿಯಡ್ಕ:
ಇದರಲ್ಲಿ ಚರ್ಚೆಗೆ ಎಂತ ಉಂಟು? ಬೆಳಿಗ್ಗೆ ಪ್ರಾಣಿ, ಮಧ್ಯಾಹ್ನ ಮೇಲೆ ರೈಡ್. ಬಿಸಿಲು ಏರಿದ ಮೇಲೆ ಸಿಂಹ ನೆರಳಿನಲ್ಲಿ ಮಲಗಿದ್ದು ಏಳುವುದಿಲ್ಲ.

ಚಂದ್ರಗಿರಿ_ಹೊಳೆ, ಕಾಸರಗೋಡು:
ಅಲ್ಲ ಮಾರಾಯ್ರೆ, ಟ್ಯಾಂಪಾದಲ್ಲಿ ಅದು ತಿರುವುಮುರುವು. ಆ ಪಾರ್ಕಿನ ಬಾಗಿಲು ತೆರೆಯುವುದೇ ಸಾಮಾನ್ಯವಾಗಿ 10 ಗಂಟೆಗೆ. ಆಗಸ್ಟಿನಲ್ಲಿ ಅಷ್ಟು ಹೊತ್ತಿಗೆ ಬೆನ್ನು ಸುಡುವ ಸೆಕೆ, ಸಿಂಹ ಆಗಲೇ ನೆರಳು ಹಿಡಿದಾಗಿರುತ್ತದೆ. ನೀವು ಹೇಳುವ "ಬೆಳಿಗ್ಗೆ ಪ್ರಾಣಿ" ಲೆಕ್ಕ ಒರ್ಲಾಂಡೊದ ಡಿಸ್ನಿ ಅನಿಮಲ್ ಕಿಂಗ್ಡಮ್ಮಿನದು. ಅದು ಬೇಗ ತೆರೆಯುತ್ತದೆ, ಜನ ಓಡಿಹೋಗಿ ಸಫಾರಿ ಲಾರಿ ಹತ್ತುತ್ತಾರೆ. ಇಲ್ಲಿ ಮೊದಲ ಎರಡು ಗಂಟೆ ಕೋಸ್ಟರಿಗೆ. ಪ್ರಾಣಿ ಸಂಜೆಗೆ.

ಹೊಸೂರು_ಗಡಿ:
ಎರಡೂ ಒಂದೇ ಪಾರ್ಕ್ ಅಂದ್ಕೊಂಡಿದ್ದೆ ಕಣ್ರೀ. ಬೇರೆಬೇರೆನಾ?

ಚಂದ್ರಗಿರಿ_ಹೊಳೆ, ಕಾಸರಗೋಡು:
ಊರೇ ಬೇರೆ. ಟ್ಯಾಂಪಾದಿಂದ ಒರ್ಲಾಂಡೊಗೆ ಸುಮಾರು 135 ಕಿಲೋಮೀಟರ್. ಬುಶ್ ಗಾರ್ಡನ್ಸ್ ಸುರುವಾದದ್ದು 1959ರಲ್ಲಿ, ಒಂದು ಬಿಯರ್ ಕಾರ್ಖಾನೆಯ ಪಕ್ಕದ ತೋಟವಾಗಿ. ಬುಶ್ ಎನ್ನುವುದು ಆ ಬಿಯರ್ ಕಂಪನಿಯ ಹೆಸರು. ಅನಿಮಲ್ ಕಿಂಗ್ಡಮ್ 1998ರದ್ದು. ಪ್ರಾಣಿ ಮತ್ತು ಸಫಾರಿಯೇ ಮುಖ್ಯ ಆದರೆ ಒರ್ಲಾಂಡೊ. ಅಲ್ಲಿ ದೊಡ್ಡ ಕೋಸ್ಟರ್ ಅಂದರೆ ಎಕ್ಸ್‌ಪೆಡಿಷನ್ ಎವರೆಸ್ಟ್ ಒಂದೇ. 11 ವರ್ಷದ ಹುಡುಗನಿಗೆ ಟ್ಯಾಂಪಾವೇ ಸರಿ.

ಸೊಲ್ಲಾಪುರ_ಚಾದರ:
ಮೊದ್ಲು ಮಕ್ಕಳ ಎತ್ತರ ಅಳೀರಿ, ಆಮ್ಯಾಲ ಪ್ಲಾನ್ ಮಾಡ್ರಿ. ಅಲ್ಲಿ ಬೋರ್ಡ್ ಎಲ್ಲಾ ಇಂಚಿನಾಗ ಇರ್ತಾವ. ನಮ್ಮ ಲೆಕ್ಕದಾಗ ಭಾಳ ಸರಳ ಐತಿ ನೋಡ್ರಿ: 42 ಇಂಚು ಅಂದ್ರ ಮೂರೂವರೆ ಅಡಿ, 48 ಅಂದ್ರ ನಾಕು ಅಡಿ, 54 ಅಂದ್ರ ನಾಕೂವರೆ ಅಡಿ.
ಮೂರೂವರೆ ಅಡಿ ಇದ್ರ ಕೋಬ್ರಾಸ್ ಕರ್ಸ್ ಅನ್ನೋ ಕೋಸ್ಟರ್ ಹತ್ತಬಹುದು. ನಾಕು ಅಡಿಗೆ ಚೀತಾ ಹಂಟ್, ಐರನ್ ಗ್ವಾಜಿ. ನಾಕೂವರೆ ಅಡಿಗೆ ಕುಂಬಾ, ಮೊಂಟು, ಶೀಕ್ರಾ, ಟೈಗ್ರಿಸ್, ಮತ್ತ ಮ್ಯಾಲಿಂದ ಬೀಳ್ಸೋ ಫಾಲ್ಕನ್ಸ್ ಫ್ಯೂರಿ.
ತಮಾಷಿ ಏನಂದ್ರ, ಎಲ್ಲಾಕಿಂತ ಜೋರು ಇರೋದು ಐರನ್ ಗ್ವಾಜಿ. 206 ಅಡಿ ಎತ್ತರ, ತಾಸಿಗೆ 122 ಕಿಲೋಮೀಟರ್. ಅದಕ್ಕ ನಾಕು ಅಡಿ ಸಾಕು. ಅದಕಿಂತ ಗಿಡ್ಡ ಇರೋ ಕುಂಬಾಕ್ಕ ನಾಕೂವರೆ ಬೇಕು. ಎತ್ತರದ ನಿಯಮ ಹೆದರಿಕಿ ಅಳತಿ ಅಲ್ರಿ, ಸೀಟು ಮತ್ತ ಹಿಡಿತದ ಅಳತಿ. ಗ್ವಾಜಿಯಾಗ ತೊಡಿ ಮ್ಯಾಲ ಕೂಡೋ ಸರಳು. ಕುಂಬಾ, ಮೊಂಟುದಾಗ ಭುಜದ ಮ್ಯಾಲಿಂದ ಇಳಿಯೋ ಹಿಡಿತ. ಹುಡುಗ ಗಿಡ್ಡ ಇದ್ರ ಅದು ಹೆಗಲಿಗೆ ಸರಿ ಕೂಡೂದಿಲ್ಲ.

ಪಯಸ್ವಿನಿ_ದಡ, ಮುಳ್ಳೇರಿಯ:
ಮಗ ನಾಲ್ಕು ಅಡಿ ಏಳು ಇಂಚು. ಅವನದ್ದು ಎಲ್ಲ ಆಗುತ್ತದೆ ಹಾಗಾದರೆ. ಮಗಳದ್ದು ರಾತ್ರಿ ಅಳೆದು ಹೇಳುತ್ತೇನೆ.

ಸಿವಂಗಿ_ಹೆಜ್ಜೆ, ತಾಳವಾಡಿ:
ಒಂದು ತಿದ್ದುಪಡಿ. ಮಗಳಿಗೆ ಅಲ್ಲಿ ಕಾಣಿಸುವುದು ಚಿರತೆ ಅಲ್ಲ, ಚೀತಾ. ಕನ್ನಡದಲ್ಲಿ ಅದಕ್ಕೆ ಸಿವಂಗಿ ಅನ್ನೋ ಹಳೇ ಹೆಸರೇ ಇದೆ. ಚಿರತೆಗೆ ಹೂವಿನ ಹಾಗೆ ಗುಂಪುಗುಂಪು ಮಚ್ಚೆ, ಸಿವಂಗಿಗೆ ಒಂಟಿ ಕಪ್ಪು ಬೊಟ್ಟು, ಕಣ್ಣಿಂದ ಬಾಯಿವರೆಗೆ ಕಣ್ಣೀರು ಇಳಿದ ಹಾಗೆ ಕಪ್ಪು ಗೆರೆ. ಅದು ಗರ್ಜಿಸೋದಿಲ್ಲ, ಬೆಕ್ಕಿನ ಹಾಗೆ ಗುರುಗುಟ್ಟುತ್ತೆ. ಆ ಪಾರ್ಕಿನಲ್ಲಿ ಚೀತಾ ರನ್ ಅಂತ ಒಂದು ಜಾಗ ಇದೆ, ಕೆಲವು ಹೊತ್ತಿನಲ್ಲಿ ಮಾತ್ರ ಅವನ್ನ ಓಡಿಸ್ತಾರೆ. ಒಳಗೆ ಹೋದ ತಕ್ಷಣ ಆ ದಿನದ ಸಮಯ ಕೇಳಿಟ್ಟುಕೊಳ್ಳಿ. ಉಳಿದ ಹೊತ್ತಿನಲ್ಲಿ ಹುಲ್ಲಿನ ನಡುವೆ ಕಿವಿ ಮಾತ್ರ ಕಾಣುತ್ತೆ.

ಅಡಿಕೆ_ಸೋಗೆ, ಬದಿಯಡ್ಕ:
10 ಗಂಟೆಗೆ ತೆರೆಯುವುದು ಹೌದಾದರೆ ನನ್ನ ಮಾತಿನ ಅರ್ಧ ಹಿಂದೆ ತೆಗೆದುಕೊಳ್ಳುತ್ತೇನೆ. ಆದರೆ "ಪ್ರಾಣಿ ಸಂಜೆಗೆ" ಅಂದರೆ ಮಳೆ? ಆಗಸ್ಟ್ ಅಲ್ಲವಾ?

ಚಂದ್ರಗಿರಿ_ಹೊಳೆ, ಕಾಸರಗೋಡು:
ಮಳೆಯೇ ಇದರ ಕೀಲಿಕೈ. ಅಲ್ಲಿನ ಆಗಸ್ಟ್ ಮಳೆ ನಮ್ಮ ಆಟಿಯ ಹಾಗೆ ಹಗಲಿಡೀ ಹೊಯ್ಯುವುದಲ್ಲ, ತುಲಾಮಾಸದ ಮಳೆಯ ಹಾಗೆ. ಬೆಳಿಗ್ಗೆ ಚುರುಕು ಬಿಸಿಲು, ಮಧ್ಯಾಹ್ನ ಕಳೆದು ಮೋಡ ಕಟ್ಟಿ ಗುಡುಗು ಸಿಡಿಲು, ಹೆಚ್ಚಾಗಿ ಒಂದೆರಡು ಗಂಟೆಯಲ್ಲಿ ಹೊಳವು. ಫ್ಲೋರಿಡಾದ ಎರಡು ಬದಿಗೂ ಕಡಲು. ಎರಡೂ ಕಡೆಯ ಕಡಲ ಗಾಳಿ ಒಳನಾಡಿನಲ್ಲಿ ಡಿಕ್ಕಿಯಾಗಿ ಮೇಲೆ ಏರುತ್ತದೆ, ಅದರಿಂದ ಈ ದಿನಚರಿ.
ಸಿಡಿಲು ಹತ್ತಿರದಲ್ಲಿ ಎಲ್ಲಿ ಬಿದ್ದರೂ ತಲೆ ಮೇಲೆ ಹನಿ ಬೀಳುವ ಮೊದಲೇ ಹೊರಗಿನ ರೈಡ್ ಎಲ್ಲ ನಿಲ್ಲಿಸುತ್ತಾರೆ. ಬಿಸಿಲು ಉಂಟು, ರೈಡ್ ಮಾತ್ರ ಬಂದ್, ಜನ ಗೊಣಗುವುದು ಆಗ. ಹಗ್ಗದಲ್ಲಿ ಹೋಗುವ ಸ್ಕೈರೈಡ್ ಅಂತೂ ಗಾಳಿ ಎದ್ದರೇ ನಿಲ್ಲುತ್ತದೆ.
ಮಳೆ ಬಿಟ್ಟ ಕೂಡಲೇ ಕೋಸ್ಟರ್ ಸುರುವಾಗುವುದಿಲ್ಲ. ಮೊದಲು ಖಾಲಿ ಗಾಡಿ ಕೆಲವು ಸುತ್ತು ಓಡಿಸಿ ನೋಡುತ್ತಾರೆ. ಆ ಸಂದೇ ಪ್ರಾಣಿಗಳ ಹೊತ್ತು. ನೆಲ ತಂಪಾಗಿ ಅವು ಎದ್ದು ಓಡಾಡುತ್ತವೆ, ಇತ್ತ ಅರ್ಧ ಜನ ಒದ್ದೆಯಾಗಿ ಮನೆಗೆ ಹೋಗಿರುತ್ತಾರೆ. ಪ್ರಾಣಿ ಮುಗಿಸಿ ಬಂದರೆ ಕೋಸ್ಟರ್ ಲೈನೂ ಸಣ್ಣ.

ಬೇಕಲ_ಗಾಳಿ:
ರೇನ್‌ಕೋಟ್ ಇಲ್ಲಿಂದಲೇ ಒಯ್ಯಿರಿ. ಅಲ್ಲಿ ಪಾರ್ಕಿನ ಒಳಗೆ ತೆಳು ಪ್ಲಾಸ್ಟಿಕ್ಕಿಗೂ ಕ್ರಯ ಜೋರು. ಕೊಡೆ ಅಜ್ಜ ಅಜ್ಜಿಗೆ ಇರಲಿ.

ಪಯಸ್ವಿನಿ_ದಡ, ಮುಳ್ಳೇರಿಯ:
ಹಾಗಾದರೆ ಬಾಗಿಲು ತೆರೆದಾಗ ಮೊದಲು ಯಾವುದಕ್ಕೆ ಹೋಗುವುದು?

ಚಂದ್ರಗಿರಿ_ಹೊಳೆ, ಕಾಸರಗೋಡು:
ಐರನ್ ಗ್ವಾಜಿ. ಬಾಗಿಲಿಗೆ ಹತ್ತಿರ, ಎಡಗಡೆ. ಅದರ ಗಾಡಿಯಲ್ಲಿ 24 ಜನ ಮಾತ್ರ, ಮೊಂಟು ಅಥವಾ ಕುಂಬಾ ಗಾಡಿಯಲ್ಲಿ 32. ಬೇಡಿಕೆ ಜಾಸ್ತಿ, ಸೀಟು ಕಡಿಮೆ, ಹಾಗಾಗಿ ಅಲ್ಲಿ ಲೈನ್ ಬೇಗ ಬೆಳೆಯುತ್ತದೆ. ಅಲ್ಲಿಂದ ಶೀಕ್ರಾ, ಟೈಗ್ರಿಸ್, ಹಿಂದೆ ಕುಂಬಾ. ಚೀತಾ ಹಂಟ್ ಮತ್ತು ಮೊಂಟು ಬಲಗಡೆಗೆ.

ಆದೋನಿ_ಹತ್ತಿ:
ನಾನು ಇದನ್ನ ಒಪ್ಪಲ್ಲ. ಎಲ್ಲರೂ ಗ್ವಾಜಿಗೇ ಓಡ್ತಾರೆ. ಬಲಗಡೆ ತುದಿಗೆ ಹೋಗಿ ಮೊಂಟು, ಕೋಬ್ರಾಸ್ ಕರ್ಸ್, ಚೀತಾ ಹಂಟ್ ಮೂರನ್ನೂ ಖಾಲಿ ಇರುವಾಗ ಮುಗಿಸಿ. ಗ್ವಾಜಿಯನ್ನ ಮಳೆ ಬಿಟ್ಟ ಮೇಲೆ ಹಿಡಿಯಿರಿ.

ಚಂದ್ರಗಿರಿ_ಹೊಳೆ, ಕಾಸರಗೋಡು:
ಸಂಜೆ ಮಳೆ ಬಿಡದಿದ್ದರೆ? ಗ್ವಾಜಿ ತಪ್ಪಿದರೆ ಆ ಹುಡುಗ ಮುಳ್ಳೇರಿಯ ತಲುಪುವವರೆಗೆ ಮಾತಾಡುವುದಿಲ್ಲ.

ಆದೋನಿ_ಹತ್ತಿ:
ಅದಕ್ಕೆ ಕ್ವಿಕ್ ಕ್ಯೂ ಅಂತ ಇದೆ. ಬೇರೆ ದುಡ್ಡು ಕೊಟ್ಟು ಲೈನ್ ತಪ್ಪಿಸೋದು. ಆದರೆ ಎಲ್ಲರಿಗೂ ತಗೋಬೇಡಿ. ಹತ್ತುವವರು ಇಬ್ಬರೋ ಮೂವರೋ, ಅವರಿಗೆ ಸಾಕು. ಬೆಳಿಗ್ಗೆಯೇ ಕೊಳ್ಳೋದೂ ಬೇಡ, 11 ಗಂಟೆಗೆ ಲೈನ್ ನೋಡಿ ತೀರ್ಮಾನಿಸಿ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಅಲ್ಲಿನ ಶಾಲೆಗಳು ಸುರುವಾಗಿರ್ತವೆ, ವಾರದ ನಡುವಿನ ದಿನ ಜನ ಕಡಿಮೆ. ಶನಿವಾರ, ಭಾನುವಾರ, ಸೆಪ್ಟೆಂಬರಿನ ಮೊದಲ ಸೋಮವಾರದ ರಜೆ ಬಿಟ್ಟುಬಿಡಿ. ಸೆಪ್ಟೆಂಬರಿಗೆ ಜಾರಿದ್ರೆ ಇನ್ನೊಂದು ನೋಡಿ: ಕೆಲವು ರಾತ್ರಿ ದೆವ್ವದ ಕಾರ್ಯಕ್ರಮಕ್ಕೆ ಬೇರೆ ಟಿಕೆಟ್ ಇರತ್ತೆ, ಆ ದಿನ ಹಗಲಿನವರನ್ನ ಬೇಗ ಹೊರಗೆ ಕಳಿಸ್ತಾರೆ.

ಕರಿಮಣಿ_ಸರ, ನೀರ್ಚಾಲು:
ಹೆಂಗಸರಿಗೆ ಬೇಕಾದ್ದು ಯಾರೂ ಹೇಳುವುದಿಲ್ಲ, ನಾನೇ ಬರೆಯುತ್ತೇನೆ. ಭುಜದ ಹಿಡಿತ ಇರುವ ರೈಡಿನಲ್ಲಿ ಉದ್ದ ಕರಿಮಣಿ ಎದೆಗೆ ಒತ್ತಿ ಗೀರುತ್ತದೆ, ತಲೆಕೆಳಗಾದಾಗ ಮುಖಕ್ಕೆ ಹೊಡೆಯುತ್ತದೆ. ತೆಗೆಯಲು ಮನಸ್ಸಿಲ್ಲದಿದ್ದರೆ ಸಣ್ಣ ಸರ ಹಾಕಿ, ಬಟ್ಟೆಯ ಒಳಗೆ ಬಿಡಿ. ಜಡೆ ನೇತುಹಾಕಬೇಡಿ, ಸೂಡಿ ಕಟ್ಟಿ. ಆದರೆ ಸೂಡಿ ಹಿಂದೆ ದಪ್ಪವಾಗಿ ಬಂದರೆ ತಲೆ ಸೀಟಿಗೆ ಒರಗದೆ ಕುತ್ತಿಗೆ ಮುಂದೆ ಬಾಗುತ್ತದೆ, ಮರುದಿನ ನೋವು. ಕುತ್ತಿಗೆ ಹತ್ತಿರ ಕೆಳಗೆ ಕಟ್ಟಿ. ಶಾಲು, ದುಪಟ್ಟ, ಸೀರೆ ಬೇಡವೇ ಬೇಡ. ಮೊಂಟುವಿನಲ್ಲಿ ಕಾಲು ನೇತಾಡುತ್ತದೆ, ಹವಾಯಿ ಚಪ್ಪಲಿ ಉಳಿಯುವುದಿಲ್ಲ, ಹಿಂದೆ ಪಟ್ಟಿ ಇರುವ ಪಾದರಕ್ಷೆ ಹಾಕಿ. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ ಸಿಗುತ್ತದೆ, ಇಲ್ಲಿಂದಲೇ ಒಯ್ಯಿರಿ.

ಮಂಜೇಶ್ವರ_ಲೋಕಲ್:
ಮುಂಡು ಉಟ್ಟು ಮೊಂಟು ಹತ್ತಬೇಡಿ ಅಂತ ಬೋರ್ಡ್ ಹಾಕಬೇಕಿತ್ತು.

ಚಂದ್ರಗಿರಿ_ಹೊಳೆ, ಕಾಸರಗೋಡು:
ಮೊಂಟು ಈಜಿಪ್ಟಿನ ಯುದ್ಧದೇವತೆ, ಗಿಡುಗದ ತಲೆ. ಮುಂಡಿಗೂ ಅವನಿಗೂ ಆಗಿಬರುವುದಿಲ್ಲ.

ಕುಂಬಳೆ_ಸೀಮೆ:
ಲಾಕರಿನ ಬಗ್ಗೆ. ದೊಡ್ಡ ಕೋಸ್ಟರಿಗೆ ಮೊಬೈಲ್, ಟೊಪ್ಪಿ, ಚೀಲ ಒಯ್ಯಲು ಬಿಡುವುದಿಲ್ಲ, ಹತ್ತಿರವೇ ಬಾಡಿಗೆ ಲಾಕರ್. ಒಂದೊಂದು ಕಡೆ ಒಂದೊಂದು ಸಲ ಹಾಕಿದರೆ ಬಾಡಿಗೆಯೇ ಊಟದಷ್ಟು ಆಗುತ್ತದೆ. ನಿಮ್ಮಲ್ಲಿ ಹತ್ತದವರು ಇಬ್ಬರು ಇದ್ದಾರಲ್ಲ, ಅಜ್ಜ ಅಜ್ಜಿಯೇ ಲಾಕರ್. ಕಾಯಲು ಮಾತ್ರ ನೆರಳಿನ ಬೆಂಚೇ ನೋಡಿ.
ಇನ್ನೊಂದು, ರೈಡರ್ ಸ್ವಾಪ್ ಕೇಳಿ. ಸಣ್ಣ ಮಗು ಇದ್ದರೆ ಗಂಡ ಮಗನೊಟ್ಟಿಗೆ ಹತ್ತಿ ಬಂದ ಮೇಲೆ ಹೆಂಡತಿ ಇನ್ನೊಮ್ಮೆ ಇಡೀ ಲೈನ್ ನಿಲ್ಲಬೇಕಂತ ಇಲ್ಲ. ಆದರೆ ಲೈನಿಗೆ ಸೇರುವ ಮೊದಲೇ ಬಾಗಿಲಲ್ಲಿ ನಿಂತವರಿಗೆ ಹೇಳಬೇಕು, ಇಳಿದ ಮೇಲೆ ಕೇಳಿದರೆ ಆಗುವುದಿಲ್ಲ.

ಹೊಸೂರು_ಗಡಿ:
ತಲೆಸುತ್ತು, ವಾಂತಿಗೆ ಏನು ಮಾಡೋದು? ಘಾಟಿ ಬಸ್ಸಲ್ಲೇ ಕವರ್ ಹಿಡಿಯೋರು ಇರ್ತಾರೆ.

ಬೇಕಲ_ಗಾಳಿ:
ಖಾಲಿ ಹೊಟ್ಟೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಅದು ತಪ್ಪು. ಖಾಲಿ ಹೊಟ್ಟೆಯಲ್ಲಿ ಸೆಕೆ ಸೇರಿದರೆ ಇನ್ನೂ ಬೇಗ ತಿರುಗುತ್ತದೆ. ಬೆಳಿಗ್ಗೆ ಎಣ್ಣೆ ಇಲ್ಲದ ಹಗುರ ತಿಂಡಿ, ಎರಡು ಮೂರು ಇಡ್ಲಿಯಷ್ಟು. ಅವೊಮಿನ್ ತರಹದ ಮಾತ್ರೆ ಬೇಕಿದ್ದರೆ ರೈಡಿಗೆ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳಬೇಕು. ಸುತ್ತಲು ಸುರುವಾದ ಮೇಲೆ ನುಂಗಿ ಫಲ ಇಲ್ಲ. ಅದು ನಿದ್ದೆ ತರುತ್ತದೆ, ಕಾರು ಬಿಡುವವರು ಮುಟ್ಟಬಾರದು. ಬೇರೆ ಮಾತ್ರೆ ನುಂಗುವವರು, ಮಕ್ಕಳು ಡಾಕ್ಟರರನ್ನು ಕೇಳದೆ ಬೇಡ.
ಹೆಚ್ಚು ಸುತ್ತಿಸುವುದು ದೊಡ್ಡ ಕೋಸ್ಟರ್ ಅಲ್ಲ, ಕೋಬ್ರಾಸ್ ಕರ್ಸ್. ಅದರ ಗಾಡಿ ಮೊದಲು ಮುಂದೆ, ಮತ್ತೆ ಹಿಂದೆ ಹಿಂದೆ, ಕೊನೆಗೆ ಬುಗುರಿ ಹಾಗೆ ತಿರುಗುತ್ತಾ ಹೋಗುತ್ತದೆ. ಊಟ ಆದ ಮೇಲೆ ಅದು ಬೇಡ.
ಮೊಂಟು, ಕುಂಬಾದಲ್ಲಿ ಬೇರೆ ವಿಷಯ. ಏಳೇಳು ಸಲ ತಲೆಕೆಳಗು. ಸುತ್ತಿನ ತಳದಲ್ಲಿ ರಕ್ತ ಕಾಲಿನ ಕಡೆ ಇಳಿದು ಕಣ್ಣಿನ ಮುಂದೆ ಬೂದುಬಣ್ಣ ಬರುವುದುಂಟು. ನೀರು ಕುಡಿಯದವರಿಗೆ ಅದು ಬೇಗ. ತೊಡೆ, ಹೊಟ್ಟೆ ಬಿಗಿ ಹಿಡಿಯಿರಿ, ತಲೆ ಸೀಟಿಗೆ ಒರಗಿರಲಿ.

ಆದೋನಿ_ಹತ್ತಿ:
ಸೀಟಿನ ಆಯ್ಕೆಯೂ ಹೇಳಿ. ಐರನ್ ಗ್ವಾಜಿಯಲ್ಲಿ ಹಿಂದಿನ ಸಾಲು. ಶೀಕ್ರಾದಲ್ಲಿ ಮುಂದಿನ ಸಾಲು.

ಪಯಸ್ವಿನಿ_ದಡ, ಮುಳ್ಳೇರಿಯ:
ಯಾಕೆ ಹಾಗೆ? ಒಂದೇ ಗಾಡಿ, ಒಂದೇ ವೇಗ ಅಲ್ಲವಾ?

ಆದೋನಿ_ಹತ್ತಿ:
ವೇಗ ಒಂದೇ, ಆ ವೇಗ ಸಿಗೋ ಜಾಗ ಬೇರೆ. ಮುಂದಿನ ಸಾಲು ತುದಿ ದಾಟುವಾಗ ಗಾಡಿ ಇನ್ನೂ ನಿಧಾನ. ಹಿಂದಿನ ಸಾಲು ತುದಿಗೆ ಬರೋ ಹೊತ್ತಿಗೆ ಮುಂದಿನ ಭಾಗ ಆಗಲೇ ಬೀಳ್ತಾ ಇರತ್ತೆ, ಅದು ಹಿಂದಿನವರನ್ನ ಎಳೆದುಕೊಂಡು ಹೋಗತ್ತೆ. ಸೀಟಿಂದ ಮೇಲೆ ಎದ್ದ ಹಾಗಾಗತ್ತೆ. ಗ್ವಾಜಿಯ ಇಳಿಜಾರು 91 ಡಿಗ್ರಿ, ಅಂದ್ರೆ ನೇರಕ್ಕಿಂತ ಒಂಚೂರು ಒಳಕ್ಕೆ. ಶೀಕ್ರಾದಲ್ಲಿ ಕಥೆ ಬೇರೆ: 200 ಅಡಿ ಮೇಲೆ ಅಂಚಿನಲ್ಲಿ ಕೆಲವು ಸೆಕೆಂಡ್ ಹಿಡಿದು ನಿಲ್ಲಿಸಿ ಆಮೇಲೆ ನೇರ ಕೆಳಗೆ ಬಿಡ್ತಾರೆ. ಕೆಳಗೆ ನೋಡ್ತಾ ನೇತಾಡೋ ಭಾಗ್ಯ ಮುಂದಿನ ಸಾಲಿಗೇ.

ಮಂಜೇಶ್ವರ_ಲೋಕಲ್:
ಹಿಂದಿನ ಸೀಟಿನ ಅಭ್ಯಾಸಕ್ಕೆ ಅಮೆರಿಕ ಯಾಕೆ, ಮಳೆಗಾಲದಲ್ಲಿ ಒಳರಸ್ತೆಯ ಬಸ್ಸಿನ ಕೊನೇ ಸೀಟು ಸಾಕು. ಅಲ್ಲಿ ಹಿಡಿತವೂ ಇಲ್ಲ.

ಸೊಲ್ಲಾಪುರ_ಚಾದರ:
ಅಭ್ಯಾಸಕ್ಕ ನಮ್ಮ ಕಡೆ ಖೋಪೋಲಿ ಹತ್ರ ಇಮ್ಯಾಜಿಕಾದಾಗ ನೈಟ್ರೋ ಐತ್ರಿ, 2013ರಿಂದ. ಕುಂಬಾ, ಮೊಂಟು, ಶೀಕ್ರಾ ಮಾಡಿದ ಸ್ವಿಟ್ಜರ್ಲೆಂಡಿನ ಕಂಪನಿನೇ ಅದನ್ನೂ ಮಾಡೇತಿ. ಹುಡುಗ ಅದನ್ನ ತಡ್ಕೊಂಡ್ರ ಅಲ್ಲಿ ಅಂಜೂದೇನಿಲ್ಲ.

ಕುಂಬಳೆ_ಸೀಮೆ:
ನಮಗೆ ಹತ್ತಿರ ಕಣ್ಣೂರಿನ ಪರಶ್ಶಿನಿಕಡವು. ಹಾವಿನ ಪಾರ್ಕ್ ಉಂಟು, ವಿಸ್ಮಯ ಎಂಬ ರೈಡಿನ ಪಾರ್ಕ್ ಉಂಟು. ಪ್ರಾಣಿ ಪ್ಲಸ್ ರೈಡ್, ಹೊರಗೆ ಬಂದು ಮುತ್ತಪ್ಪನ ಪ್ರಸಾದ ಬೇರೆ!

ಕರಿಮಣಿ_ಸರ, ನೀರ್ಚಾಲು:
ವಿಷಯ ಎಲ್ಲಿಗೋ ಹೋಯಿತು. ಸಸ್ಯಾಹಾರದ ಬಗ್ಗೆ ಹೇಳಿ ಯಾರಾದರೂ.

ಅಡಿಕೆ_ಸೋಗೆ, ಬದಿಯಡ್ಕ:
ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಮಗುವಿನ ಆಹಾರ ಮತ್ತು ಕಾಯಿಲೆಯವರ ಆಹಾರ ಬಿಟ್ಟು. ನೀರಿನ ಬಾಟ್ಲಿ ಆಗುತ್ತದೆ. ಒಳಗೆ ಪಿಜ್ಜಾ, ಆಲೂ ಫ್ರೈ, ಸಲಾಡ್ ಸಿಗುತ್ತದೆ, ಆದರೆ ಫ್ರೈ ಹುರಿಯುವ ಎಣ್ಣೆಯಲ್ಲೇ ಕೋಳಿಯೂ ಬಿದ್ದಿರಬಹುದು. "ವೆಜಿಟೇರಿಯನ್ನಾ" ಅಂತ ಕೇಳಿದರೆ ಹೌದು ಅಂತಾರೆ. "ಕೋಳಿ ಹುರಿಯುವ ಎಣ್ಣೆ ಬೇರೆಯಾ" ಅಂತ ಬಿಡಿಸಿ ಕೇಳಬೇಕು.
ಕಟ್ಟುನಿಟ್ಟಿನವರಿಗೆ ಉಪಾಯ: ಕೈಗೆ ಮುದ್ರೆ ಹಾಕಿಸಿಕೊಂಡು ಹೊರಗೆ ಬಂದು ಮತ್ತೆ ಒಳಗೆ ಹೋಗಬಹುದು. ಕಾರಿನಲ್ಲಿ ಬುತ್ತಿ ಇಡಿ. ಮೊಸರನ್ನ ಬೇಡ, ಮುಚ್ಚಿದ ಕಾರಿನ ಸೆಕೆಗೆ ಹುಳಿಯಾಗಿ ಹೋಗುತ್ತದೆ. ಚಪಾತಿ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ತಡೆಯುತ್ತದೆ. ಆದರೆ ಕಾರು ನಿಲ್ಲಿಸುವ ಜಾಗ ದೂರ, ಟ್ರಾಮಿನಲ್ಲಿ ಹೋಗಿ ಬರುವುದಕ್ಕೇ ಗಂಟೆ ಹಿಡಿದೀತು. ಗುಡುಗು ಸುರುವಾಗಿ ರೈಡ್ ನಿಲ್ಲುವ ಹೊತ್ತಿನ ಸ್ವಲ್ಪ ಮೊದಲೇ ಹೊರಟರೆ ನಷ್ಟ ಇಲ್ಲ.
ಮತ್ತೆ, ಹೊರಗಿನ ಮೇಜಿನಲ್ಲಿ ಊಟ ಬಿಟ್ಟು ಏಳಬೇಡಿ. ಉದ್ದ ಕೊಕ್ಕಿನ ಬಿಳಿ ಐಬಿಸ್ ಹಕ್ಕಿ ಕಾಗೆಗಿಂತ ಬಿಗಡಾಯಿಸಿದ್ದು.

ಪಯಸ್ವಿನಿ_ದಡ, ಮುಳ್ಳೇರಿಯ:
ಅಪ್ಪ ಅಮ್ಮನಿಗೆ ಎಂತ ಉಂಟು ಅಲ್ಲಿ? ಅವರು ಚೀಲ ಕಾಯುವುದಕ್ಕೇ ಬಂದ ಹಾಗೆ ಆಗಬಾರದು.

ಸಿವಂಗಿ_ಹೆಜ್ಜೆ, ತಾಳವಾಡಿ:
ರೈಲಿದೆ. ಪಾರ್ಕಿನೊಳಗಿನ ಸೆರೆಂಗೆಟಿ ಅನ್ನೋ ಬಯಲು 65 ಎಕರೆ. ಜಿರಾಫೆ, ಜೀಬ್ರಾ, ಘೇಂಡಾಮೃಗ ರೈಲಿನಿಂದಲೇ ಕಾಣ್ತವೆ, ನಡಿಗೆಯಿಲ್ಲ. ಎಡ್ಜ್ ಆಫ್ ಆಫ್ರಿಕಾದಲ್ಲಿ ಗಾಜಿನ ಆಚೆ ನೀರಾನೆ. ಅದು ಹೇಗೂ ನೀರಲ್ಲೇ ಇರೋದ್ರಿಂದ ನಡುಮಧ್ಯಾಹ್ನಕ್ಕೂ ಆಗುತ್ತೆ. ಬಿಸಿಲು ಹೆಚ್ಚಾದರೆ ಪ್ರಾಣಿ ಆಸ್ಪತ್ರೆಗೆ ಹೋಗಿ. ಒಳಗೆ ತಂಪು, ವೈದ್ಯರು ಚಿಕಿತ್ಸೆ ಮಾಡೋದನ್ನ ಗಾಜಿನಿಂದ ನೋಡಬಹುದು. ಬೆಳಿಗ್ಗೆ ಹೋದರೆ ಕೆಲಸ ನಡೀತಾ ಇರೋ ಸಾಧ್ಯತೆ ಜಾಸ್ತಿ. ಮೊಣಗಂಟಿಗೆ ಗಾಲಿಕುರ್ಚಿ ಬಾಡಿಗೆಗಿದೆ, ಸಂಕೋಚ ಬೇಡ, ಪಾರ್ಕೇ 335 ಎಕರೆ.
ಜಿರಾಫೆಗೆ ಸೊಪ್ಪು ತಿನ್ನಿಸೋದು ಬೇಕಾದರೆ ತೆರೆದ ಲಾರಿಯ ಸಫಾರಿ, ಅದಕ್ಕೆ ಬೇರೆ ಟಿಕೆಟ್. ಮಧ್ಯಾಹ್ನ ಮೇಲಿನದು ತಗೊಂಡರೆ ಗುಡುಗಿಗೆ ಸಿಕ್ಕಿಹಾಕಿಕೊಳ್ಳೋ ಅಪಾಯ. ಮಗಳಿಗೆ ಇದೊಂದನ್ನು ಮಾತ್ರ ಬೆಳಿಗ್ಗೆ ಇಡಿ.

ಅಡಿಕೆ_ಸೋಗೆ, ಬದಿಯಡ್ಕ:
ಕಡೆಗೆ ಬೆಳಿಗ್ಗೆ ಪ್ರಾಣಿ ಅಂತಲೇ ಆಯಿತಲ್ಲ!

ಚಂದ್ರಗಿರಿ_ಹೊಳೆ, ಕಾಸರಗೋಡು:
ಒಂದು ಜಿರಾಫೆಯ ಮಟ್ಟಿಗೆ ಸೋತೆ.

ಎಣ್ಮಕಜೆ_ಗುಡ್ಡೆ:
ಪ್ರಾಣಿಗಳನ್ನು ಆ ಗದ್ದಲದ ನಡುವೆ ಇಡುವುದೇ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ತಿಮಿಂಗಿಲ ಕುಣಿಸುವವರೂ ಇವರೇ ಅಲ್ಲವಾ?

ಸಿವಂಗಿ_ಹೆಜ್ಜೆ, ತಾಳವಾಡಿ:
ನೀವು ಹೇಳೋ ತಿಮಿಂಗಿಲ, ಅಂದರೆ ಓರ್ಕಾ, ಇರೋದು ಅದೇ ಕಂಪನಿಯ ಒರ್ಲಾಂಡೊ ಸೀವರ್ಲ್ಡಿನಲ್ಲಿ, ಟ್ಯಾಂಪಾದಲ್ಲಿ ಅಲ್ಲ. ಓರ್ಕಾ ಸಂತಾನ ಬೆಳೆಸೋದನ್ನ ನಿಲ್ಲಿಸ್ತೀವಿ ಅಂತ 2016ರಲ್ಲೇ ಘೋಷಿಸಿದರು. ಗದ್ದಲದ ಮಾತು ಒಪ್ಪುತ್ತೇನೆ, ಚೀತಾ ಹಂಟ್ ಹಳಿ ಪ್ರಾಣಿಗಳ ಜಾಗಕ್ಕೆ ದೂರವೇನಿಲ್ಲ.

ಬೇಕಲ_ಗಾಳಿ:
ಗಲ್ಫಿನಲ್ಲಿ ಇರುವವರಿಗೆ ಹೇಳಿಡುತ್ತೇನೆ: ಅಬುಧಾಬಿಯಲ್ಲೂ 2023ರಲ್ಲಿ ಸೀವರ್ಲ್ಡ್ ಆಗಿದೆ. ಹೆಚ್ಚಿನದೆಲ್ಲ ಮಾಡಿನ ಒಳಗೆ, ಎಸಿ. ಸೆಕೆ ಮಳೆ ಎಂಬ ಈ ತಲೆಬಿಸಿ ಇಲ್ಲ. ದೊಡ್ಡ ಕೋಸ್ಟರ್ ಮಾತ್ರ ಮಂತಾ ಒಂದೇ.

ಕುಂಬಳೆ_ಸೀಮೆ:
ಎರಡು ಸಣ್ಣ ವಿಷಯ. ನಮ್ಮ ಬ್ಯಾಂಕ್ ಕಾರ್ಡಿನಲ್ಲಿ ವಿದೇಶ ಬಳಕೆ ತಾನಾಗಿ ಚಾಲೂ ಇರುವುದಿಲ್ಲ, ಆ್ಯಪಿನಲ್ಲಿ ಊರಿಂದಲೇ ಆನ್ ಮಾಡಿ. ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಬೇಕು. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ಮಾಡಿ, ಗೇಟಿನಲ್ಲಿ ದುಬಾರಿ.
ಮತ್ತೆ, ಆಗ ಅಲ್ಲಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಇಳಿದ ಮರುದಿನವೇ ಪಾರ್ಕಿಗೆ ಹೋದರೆ ಅಲ್ಲಿನ ಮಧ್ಯಾಹ್ನ 2 ಗಂಟೆಗೆ ಮಕ್ಕಳ ಮೈಗೆ ರಾತ್ರಿ ಹನ್ನೊಂದೂವರೆ. ನಾಲ್ಕನೇ ದಿನಕ್ಕೆ ಇಟ್ಟುಕೊಳ್ಳಿ.

ಪಯಸ್ವಿನಿ_ದಡ, ಮುಳ್ಳೇರಿಯ:
ಬರೆದುಕೊಂಡೆ. ಬುಧವಾರ. ಬಾಗಿಲು ತೆರೆದಾಗ ಮಗ ಮತ್ತು ನಾನು ಗ್ವಾಜಿಗೆ, ಉಳಿದವರು ಜಿರಾಫೆ ಲಾರಿಗೆ. ಆಮೇಲೆ ಒಟ್ಟಾಗಿ ಕೋಬ್ರಾಸ್ ಕರ್ಸ್. ಗುಡುಗಿಗೆ ಬುತ್ತಿ. ಹೊಳವಾದ ಮೇಲೆ ರೈಲು, ಸಿಂಹ, ಉಳಿದ ಕೋಸ್ಟರ್.
ಈಗ ಮಗಳನ್ನು ಗೋಡೆಗೆ ನಿಲ್ಲಿಸಿ ಅಳೆದೆ. 41 ಮುಕ್ಕಾಲು ಇಂಚು.

ಸೊಲ್ಲಾಪುರ_ಚಾದರ:
ಬರಿಗಾಲಾಗೋ, ಚಪ್ಪಲಿ ಹಾಕಿ ಅಳದೀರೋ?

ಪಯಸ್ವಿನಿ_ದಡ, ಮುಳ್ಳೇರಿಯ:
ಬರಿಗಾಲು. ಶಾಲೆಯಿಂದ ಬಂದು, ಆಡಿ, ಮಿಂದ ಮೇಲೆ.

ಬೇಕಲ_ಗಾಳಿ:
ಹಾಗಾದರೆ ನಾಳೆ ಬೆಳಿಗ್ಗೆ ಎದ್ದ ಕೂಡಲೇ ಇನ್ನೊಮ್ಮೆ ಅಳೆಯಿರಿ. ಹಗಲಿಡೀ ನಿಂತು ಓಡಾಡಿ ಬೆನ್ನುಮೂಳೆಯ ನಡುವಿನ ಮೆತ್ತೆ ಒತ್ತಿ, ಸಂಜೆಗೆ ಎಲ್ಲರೂ ಒಂಚೂರು ಗಿಡ್ಡ. ಕಾಲಿಂಚು ಅಲ್ಲೇ ಸಿಗಬಹುದು. ಪಾರ್ಕಿನಲ್ಲೂ ಕೋಬ್ರಾಸ್ ಕರ್ಸ್ ಬೆಳಿಗ್ಗೆಗೇ ಇರಲಿ.

ಮಂಜೇಶ್ವರ_ಲೋಕಲ್:
ಓಣಕ್ಕೆ ಇನ್ನೂ ಎರಡು ತಿಂಗಳು ಉಂಟು. ಮಗು ಬೆಳೆಯುತ್ತದೆ ಮಾರಾಯ್ರೆ.